ಮುತ್ಯಾನ ಟ್ರಂಕಿನಲ್ಲಿ ಕೊಡಲಿ ಗುರುತು: ಇಟಲಿಯ ಫ್ಯಾಸಿಸ್ಟ್ ಚಿಹ್ನೆ, ನಾಣ್ಯ, ಬಾವುಟ ಗುರುತಿಸುವ ಬಗೆ

ಬೆಳಗಾವಿ ಸೀಮೆಯ ಹಳೆಯ ಮನೆಗಳಲ್ಲಿ ಇಟಲಿಯ ಸಾಮಾನು ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಈ ರೆಜಿಮೆಂಟಿನ 3ನೇ ಬೆಟಾಲಿಯನ್ 1941ರಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಇಟಲಿಯವರ ಎದುರು ಕಾದಿತು. 2ನೇ ಬೆಟಾಲಿಯನ್ 1942ರ ಜೂನ್‌ನಲ್ಲಿ ಲಿಬಿಯಾದ ಟೋಬ್ರುಕ್ ಬಿದ್ದಾಗ ಸೆರೆಯಾಯಿತು. ಆಮೇಲೆ ಇಟಲಿಯ ನೆಲದಲ್ಲೇ ಯಶವಂತ ಘಾಡ್ಗೆ (ತೈಬರ್ ಕಣಿವೆ, 10 ಜುಲೈ 1944, ಮರಣೋತ್ತರ) ಮತ್ತು ನಾಮದೇವ ಜಾಧವ (ಸೆನಿಯೊ ನದಿ, 9 ಏಪ್ರಿಲ್ 1945) ವಿಕ್ಟೋರಿಯಾ ಕ್ರಾಸ್ ಗಳಿಸಿದರು. ಆ ದಂಡಿನಿಂದ ತಿರುಗಿ ಬಂದವರ ಜೊತೆಗೆ ಬಂದ ನಾಣ್ಯ, ಗುಂಡಿ, ಬಿಲ್ಲೆ, ಬಟ್ಟೆತುಂಡು ಖಾನಾಪುರ, ನಿಪ್ಪಾಣಿ, ಹುಕ್ಕೇರಿ ಕಡೆಯ ಅಟ್ಟಗಳಲ್ಲಿ ಇನ್ನೂ ಇರಬಹುದು. ಮನೆ ಕೆಡವುವಾಗ ಟ್ರಂಕು ಹೊರಬರುತ್ತದೆ, ಒಳಗೆ ಕೊಡಲಿ ಕಟ್ಟಿದ ಕಟ್ಟಿಗೆ ಹೊರೆಯ ಚಿತ್ರವಿರುವ ವಸ್ತು ಸಿಗುತ್ತದೆ, ಮಂದಿ ಒಂದೋ ಬಂಗಾರದ ಅಂಗಡಿಗೆ ಓಡುತ್ತಾರೆ, ಇಲ್ಲವೆ ಗುಜರಿಗೆ ಹಾಕುತ್ತಾರೆ. ಎರಡೂ ಅವಸರದ ಕೆಲಸ.

ಇಂಥ ವಸ್ತು ಕೈಗೆ ಬಂದಾಗ ಅದು ಯಾವ ಕಾಲದ್ದು, ಯಾರದ್ದು, ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ಕುಳಿತು ನೋಡುವ ಕ್ರಮ ಇಲ್ಲಿದೆ. ಒಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ: ಕೊಡಲಿ-ಕಟ್ಟಿಗೆ ಒಂದನ್ನೇ ನೋಡಿ ಏನನ್ನೂ ತೀರ್ಮಾನಿಸಲಾಗದು. ಕೊಡಲಿ ಹೊರೆಯ ಯಾವ ಕಡೆಗಿದೆ, ಮೇಲೆ ಕಿರೀಟ ಇದೆಯೋ ಇಲ್ಲವೋ, ಪಕ್ಕದಲ್ಲಿ ರೋಮನ್ ಅಂಕಿ ಎಷ್ಟು, ಈ ಮೂರನ್ನು ಕೂಡಿಸಿ ಓದಿದರೆ ಮಾತ್ರ ಕಾಲ ಹೊರಬೀಳುತ್ತದೆ.

ಹತ್ತಿರ ಇಟ್ಟುಕೊಳ್ಳಬೇಕಾದದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.1 ಗ್ರಾಂವರೆಗೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ನೋಟು ಪರೀಕ್ಷೆಗೆ ಬಳಸುವ ಯುವಿ ಟಾರ್ಚ್, ಮೆತ್ತನೆಯ ಬ್ರಶ್, ಮಾಂಜರಪಾಟ ಬಟ್ಟೆಯ ತುಂಡು. ಇಷ್ಟು ಸಾಕು. ಬೆಳಕು ಕಿಟಕಿಯದ್ದಿರಲಿ, ಪಕ್ಕದಿಂದ ಬೀಳಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಏನನ್ನೇ ಮುಟ್ಟುವ ಮೊದಲು ಸಿಕ್ಕ ಸ್ಥಿತಿಯಲ್ಲೇ ಫೋಟೊ ತೆಗೆಯಿರಿ: ಟ್ರಂಕು, ಅದರ ಒಳಗಿನ ಜೋಡಣೆ, ಸುತ್ತಿದ್ದ ಕಾಗದ ಎಲ್ಲ. ಸುತ್ತಿದ ಕಾಗದವನ್ನು ಎಸೆಯುವುದು ಎಲ್ಲರೂ ಮಾಡುವ ತಪ್ಪು. ಅದರ ಮೇಲಿನ ಒಂದು ಸಾಲು, ಒಂದು ಅಂಚೆ ಮುದ್ರೆ ಒಳಗಿನ ವಸ್ತುವಿಗಿಂತ ಹೆಚ್ಚು ಹೇಳುವುದುಂಟು.

ಕೊಡಲಿ ಎಲ್ಲಿದೆ ನೋಡಿ

ಇಟಲಿಯವರು ಫಾಶೊ ಎನ್ನುವ ಈ ಗುರುತು ನೋಡಲು ಜೋಳದ ದಂಟಿನ ಸಿವುಡಿನ ಹಾಗಿದೆ: ಸಮ ಉದ್ದದ ಕೋಲುಗಳು, ಅಡ್ಡಲಾಗಿ ಸುತ್ತಿದ ತೊಗಲಿನ ಪಟ್ಟಿ, ಜೊತೆಗೆ ಸಿಕ್ಕಿಸಿದ ಒಂದು ಕೊಡಲಿ. ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಲಿಕ್ಟರ್ ಎಂಬ ಸೇವಕರು ಇದನ್ನು ಹೊತ್ತು ನಡೆಯುತ್ತಿದ್ದರು. ಕಾನ್ಸಲ್‌ಗೆ 12 ಮಂದಿ, ಸರ್ವಾಧಿಕಾರಿಗೆ 24. ಬಡಿಯುವ ಕೋಲು, ತಲೆ ಕಡಿಯುವ ಕೊಡಲಿ, ಎರಡೂ ಅಧಿಕಾರ ಇವನದು ಎಂಬ ಸಾರುವಿಕೆ. ನಗರದ ಪವಿತ್ರ ಗಡಿಯೊಳಗೆ ಬಂದಾಗ ಕೊಡಲಿಯನ್ನು ಕಳಚುವ ಪದ್ಧತಿ ಇತ್ತು.

ಫ್ರೆಂಚ್ ಕ್ರಾಂತಿ, ಅಮೆರಿಕದ ಗಣರಾಜ್ಯ ಎರಡೂ ಇದನ್ನೇ ಒಗ್ಗಟ್ಟಿನ ಗುರುತಾಗಿ ಬಳಸಿದವು. 1916ರಿಂದ 1945ರವರೆಗೆ ಟಂಕಿಸಿದ ಅಮೆರಿಕದ ಹತ್ತು ಸೆಂಟಿನ ಬೆಳ್ಳಿ ನಾಣ್ಯದ ಹಿಂಬದಿಗೆ ಇರುವುದೂ ಫಾಶೊವೇ. ಅದಕ್ಕೂ ಇಟಲಿಯ ಫ್ಯಾಸಿಸ್ಟ್ ನಾಯಕ ಮುಸೊಲಿನಿಗೂ ಸಂಬಂಧವಿಲ್ಲ. ಆ ನಾಣ್ಯ ಬಂದಾಗ ಫ್ಯಾಸಿಸ್ಟ್ ಸಂಘಟನೆ ಹುಟ್ಟಿಯೇ ಇರಲಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಸೇಂಟ್ ಗಾಲನ್ ಪ್ರಾಂತ್ಯದ ಬಾವುಟ, ಕ್ಯಾಮರೂನಿನ ಲಾಂಛನ, ಇಲ್ಲೆಲ್ಲ ಇಂದಿಗೂ ಅದು ಇದೆ. ಆದ್ದರಿಂದ ವಸ್ತುವಿನ ಮೇಲೆ ಯಾವ ಭಾಷೆ ಇದೆ ಎಂಬುದನ್ನು ಮೊದಲು ನೋಡಿ.

ಇಟಾಲಿಯನ್ ಭಾಷೆಯೇ ಇದ್ದರೆ ಕೊಡಲಿಗೆ ಬನ್ನಿ. ಎರಡು ಬಗೆ ಇವೆ. ಮೊದಲನೆಯದರಲ್ಲಿ ಕೊಡಲಿ ಹೊರೆಯ ನಡುವಿನಿಂದ ಮೇಲಕ್ಕೆ ಚಾಚಿ, ತುದಿಯಲ್ಲಿ ಅಲಗು ಕಾಣುತ್ತದೆ. ಇದು ಫ್ರೆಂಚ್ ಕ್ರಾಂತಿಯ ಮಾದರಿ. ಎರಡನೆಯದರಲ್ಲಿ ಕೊಡಲಿಯನ್ನು ಹೊರೆಯ ಪಕ್ಕಕ್ಕೆ ಕಟ್ಟಿದೆ, ಅಲಗು ಬದಿಯಿಂದ ಹೊರಬರುತ್ತದೆ. ಇದು ಪುರಾತನ ರೋಮಿನ ಮಾದರಿ. 1919ರ ಮಾರ್ಚ್ 23ರಂದು ಮಿಲಾನಿನಲ್ಲಿ ಮುಸೊಲಿನಿ ತನ್ನ ಗುಂಪು ಕಟ್ಟಿದಾಗ ಬಳಕೆಯಲ್ಲಿದ್ದದ್ದು ಹೆಚ್ಚಾಗಿ ಮೊದಲನೆಯದು. 1922ರ ಅಕ್ಟೋಬರ್ ಕೊನೆಗೆ ಅಧಿಕಾರ ಹಿಡಿದ ಮೇಲೆ, ಸರಕಾರದ ನಾಣ್ಯಕ್ಕೆ ‘ಶುದ್ಧ ರೋಮನ್’ ರೂಪ ಬೇಕೆಂದು ಪುರಾತತ್ವಜ್ಞ ಜಾಕೊಮೊ ಬೋನಿಯವರ ಸಲಹೆ ಪಡೆದು ಎರಡನೆಯದಕ್ಕೆ ಬದಲಾಯಿಸಿದರು. 1926ರ ಡಿಸೆಂಬರ್ 12ರ ಆಜ್ಞೆ ಫಾಶೊವನ್ನು ಸರಕಾರದ ಅಧಿಕೃತ ಲಾಂಛನವನ್ನಾಗಿ ಮಾಡಿತು. 1943ರಲ್ಲಿ ಮುಸೊಲಿನಿ ಬಿದ್ದು, ಜರ್ಮನ್ನರ ನೆರಳಲ್ಲಿ ಉತ್ತರ ಇಟಲಿಯ ಸಾಲೊ ಎಂಬಲ್ಲಿ ಮತ್ತೊಂದು ಸರಕಾರ ನಡೆಸಿದಾಗ ಮತ್ತೆ ಮೇಲೆ ಚಾಚಿದ ಕೊಡಲಿಯೇ ಬಂತು. ದೊರೆ ಕೈಬಿಟ್ಟಿದ್ದ, ಹಾಗಾಗಿ ‘ಗಣರಾಜ್ಯ’ದ ಮಾದರಿ ಬೇಕಾಯಿತು.

ಅಲ್ಲಿಗೆ ಲೆಕ್ಕ ಹೀಗೆ. ಅಲಗು ಪಕ್ಕದಲ್ಲಿದ್ದರೆ ಬಹುಮಟ್ಟಿಗೆ 1923ರಿಂದ 1943ರ ನಡುವಿನದು. ಅಲಗು ನೆತ್ತಿಯ ಮೇಲಿದ್ದರೆ 1922ಕ್ಕೂ ಹಿಂದಿನದು, ಇಲ್ಲವೆ 1943ರ ಸೆಪ್ಟೆಂಬರ್ ನಂತರದ್ದು. ಅಲಗು ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ ಎಂಬುದಕ್ಕೆ ಅರ್ಥ ಹುಡುಕಬೇಡಿ. ಜೋಡಿಯಾಗಿ ಇಡುವಾಗ ಎದುರುಬದುರು ತಿರುಗಿಸುತ್ತಿದ್ದರು, ಅಷ್ಟೇ. ಸಣ್ಣ ಗುಂಡಿಗಳನ್ನು ಮಾಡಿದವರು ನಿಯಮ ಮೀರಿದ್ದೂ ಉಂಟು. ಅದಕ್ಕೇ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಕಿರೀಟ ಇದೆಯೇ

ಮುಸೊಲಿನಿಯ ಕಾಲಕ್ಕೂ ಇಟಲಿಗೆ ದೊರೆಯಿದ್ದ: ಮೂರನೇ ವಿತ್ತೋರಿಯೊ ಎಮಾನುವೇಲೆ, ಸವೋಯ್ ಮನೆತನದವನು. ಆ ಮನೆತನದ ಗುರುತು ಕೆಂಪು ಗುರಾಣಿ, ಅದರ ಮೇಲೆ ಬಿಳಿ ಶಿಲುಬೆ. ಸರಕಾರಿ ವಸ್ತುವಿನಲ್ಲಿ ಫಾಶೊ ಮತ್ತು ಕಿರೀಟ ಒಟ್ಟಿಗೇ ಇರುವುದು ಸಹಜ. 1929ರ ಏಪ್ರಿಲ್ 11ರ ಆಜ್ಞೆಯ ಮೇರೆಗೆ ರಾಜ್ಯ ಲಾಂಛನದಲ್ಲಿ ಗುರಾಣಿಯ ಎರಡೂ ಬದಿಗಿದ್ದ ಸಿಂಹಗಳನ್ನು ತೆಗೆದು ಎರಡು ಫಾಶೊ ನಿಲ್ಲಿಸಿದರು. ಕಾಗದಪತ್ರದ ತಲೆಯಲ್ಲಿ ಸಿಂಹ ಇದ್ದರೆ 1929ಕ್ಕೆ ಮೊದಲು ಅಥವಾ 1944ರಲ್ಲಿ ಸಿಂಹ ವಾಪಸ್ಸಾದ ಮೇಲೆ. ಜೋಡಿ ಫಾಶೊ ಇದ್ದರೆ ನಡುವಿನ ಕಾಲ. ಕಿರೀಟವೂ ಇಲ್ಲ, ಸವೋಯ್ ಗುರಾಣಿಯೂ ಇಲ್ಲ, ಬರೀ ಹದ್ದು-ಫಾಶೊ ಇದೆ ಎಂದರೆ ಪಕ್ಷದ ವಸ್ತು ಅಥವಾ ಸಾಲೊ ಸರಕಾರದ್ದು.

ರೋಮನ್ ಅಂಕಿಯ ಲೆಕ್ಕ

ಫ್ಯಾಸಿಸ್ಟರು ತಮ್ಮದೇ ಶಕೆ ನಡೆಸಿದರು. 1922ರ ಅಕ್ಟೋಬರ್ 28ರ ‘ರೋಮ್ ನಡಿಗೆ’ಯಿಂದ ಎಣಿಕೆ. 1927ರಿಂದ ಸರಕಾರಿ ಕಾಗದಗಳಲ್ಲಿ ಕಡ್ಡಾಯ. ನಾಣ್ಯ, ಪದಕ, ಕಟ್ಟಡದ ಕಲ್ಲು ಎಲ್ಲ ಕಡೆ ಮಾಮೂಲಿ ಇಸವಿಯ ಪಕ್ಕ ರೋಮನ್ ಅಂಕಿಯಲ್ಲಿ ಅದನ್ನು ಹಾಕುತ್ತಿದ್ದರು. ಕೆಲವೆಡೆ ಅಂಕಿಯ ಜೊತೆ ‘ಇ.ಎಫ್.’ (ಫ್ಯಾಸಿಸ್ಟ್ ಶಕೆ) ಎಂಬ ಎರಡಕ್ಷರ ಇರುತ್ತದೆ. ಓದುವ ಬಗೆ ಸರಳ: ಎಕ್ಸ್ ಅಂದರೆ ಹತ್ತು, ವಿ ಅಂದರೆ ಐದು, ಒಂದು ಗೀಟು ಅಂದರೆ ಒಂದು, ವಿ ಅಥವಾ ಎಕ್ಸ್ ಅಕ್ಷರದ ಎಡಕ್ಕೆ ಗೀಟು ಇದ್ದರೆ ಅದರಿಂದ ಕಳೆಯಬೇಕು.

ಬಂದ ಅಂಕಿಗೆ 1921 ಕೂಡಿಸಿದರೆ ಆ ವರ್ಷ ಶುರುವಾದ ಅಕ್ಟೋಬರ್, 1922 ಕೂಡಿಸಿದರೆ ಮುಗಿದ ಅಕ್ಟೋಬರ್. 18 ಎಂದಿದ್ದರೆ 1939ರ ಅಕ್ಟೋಬರ್ ಕೊನೆಯಿಂದ 1940ರ ಅಕ್ಟೋಬರ್ ಕೊನೆಯವರೆಗೆ. ಇದರಿಂದಾಗಿಯೇ 1939 ಇಸವಿಯ ನಾಣ್ಯಗಳಲ್ಲಿ 17 ಮತ್ತು 18 ಎರಡೂ ಅಂಕಿಯವು ಸಿಗುತ್ತವೆ. ಎರಡೂ ಅಸಲಿ, ಅಕ್ಟೋಬರ್ ಹಿಂದೆಮುಂದೆ ಅಚ್ಚು ಬದಲಾಗಿದೆ. ಇಸವಿ ಮತ್ತು ಅಂಕಿ ಈ ಲೆಕ್ಕಕ್ಕೆ ಕೂಡದಿದ್ದರೆ, ಉದಾಹರಣೆಗೆ 1936ರ ಪಕ್ಕ 18 ಇದ್ದರೆ, ಮುಂದೆ ನೋಡುವುದೇ ಬೇಡ, ನಕಲಿ.

ಎಡವುವ ಜಾಗ ಒಂದಿದೆ. ದೊರೆಯ ಹೆಸರಿನ ಮುಂದೆ ‘ಮೂರನೇ’ ಎನ್ನಲು ಮೂರು ಗೀಟು ಇರುತ್ತವೆ. ಅದನ್ನು ಶಕೆಯ ಮೂರನೇ ವರ್ಷ ಎಂದು ಓದಿ 1925 ಎನ್ನುವವರು ಬಹಳ. ಶಕೆಯ ಅಂಕಿ ಇಸವಿಯ ಪಕ್ಕದಲ್ಲಿರುತ್ತದೆ, ಹೆಸರಿನ ಪಕ್ಕದಲ್ಲಲ್ಲ. 22, 23 ಎಂಬ ಅಂಕಿ ಇದ್ದು ದೊರೆಯ ಗುರುತು ಇಲ್ಲದಿದ್ದರೆ ಅದು ಸಾಲೊ ಕಾಲದ ಕಾಗದ.

ನಾಣ್ಯಗಳು

ಟ್ರಂಕುಗಳಲ್ಲಿ ಹೆಚ್ಚು ಸಿಗಬಹುದಾದದ್ದು 1936ರಿಂದ 1943ರವರೆಗಿನ ಸರಣಿ, ಜುಸೆಪ್ಪೆ ರೊಮಾನ್ಯೋಲಿ ರೂಪಿಸಿದ್ದು. 50 ಚೆಂತೇಸಿಮಿ (100 ಸೇರಿದರೆ ಒಂದು ಲಿರಾ), 1 ಲಿರಾ, 2 ಲಿರೆ (ಲಿರಾದ ಬಹುವಚನ), ಈ ಮೂರರ ಹಿಂಬದಿಗೂ ಹದ್ದು ಮತ್ತು ಫಾಶೊ ಇವೆ. ಮುಂಬದಿಯಲ್ಲಿ ದೊರೆಯ ಮುಖ, ಸುತ್ತ ಅವನ ಹೆಸರು, ಕೊನೆಗೆ ‘ರೆ ಎ ಇಂಪ್’ ಎಂಬ ಬಿರುದು: ದೊರೆ ಮತ್ತು ಚಕ್ರವರ್ತಿ. ಚಕ್ರವರ್ತಿ ಪಟ್ಟ ಎಲ್ಲಿಂದ ಬಂತೆಂದರೆ ಇಥಿಯೋಪಿಯಾದಿಂದ. 1935ರ ಅಕ್ಟೋಬರ್‌ನಲ್ಲಿ ದಾಳಿ, ಮಸ್ಟರ್ಡ್ ಗ್ಯಾಸ್ ಎಂಬ ವಿಷಾನಿಲದ ಬಳಕೆ, 1936ರ ಮೇ 9ರಂದು ‘ಸಾಮ್ರಾಜ್ಯ’ದ ಘೋಷಣೆ. ನಾಣ್ಯದ ಅಂಚಿನ ಎರಡು ಪದಗಳ ಹಿಂದೆ ಇಷ್ಟಿದೆ, ಪ್ರದರ್ಶನಕ್ಕೆ ಇಡುವವರು ಇದನ್ನು ಬರೆಯದೆ ಬಿಡಬಾರದು.

ತೂಕ ಮತ್ತು ಅಡ್ಡಳತೆ ನೋಡಿ. 2 ಲಿರೆ 10 ಗ್ರಾಂ, 29 ಮಿ.ಮೀ. 1 ಲಿರಾ 8 ಗ್ರಾಂ, 27 ಮಿ.ಮೀ.ಗೆ ತುಸು ಕಡಿಮೆ. 50 ಚೆಂತೇಸಿಮಿ 6 ಗ್ರಾಂ, 24 ಮಿ.ಮೀ. ಸವೆತದಿಂದ ಒಂದೆರಡು ದಶಾಂಶ ಕಡಿಮೆಯಾದರೆ ಸರಿ, ಅರ್ಧ ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಿಸಿ.

ಅಯಸ್ಕಾಂತದ ಪರೀಕ್ಷೆ ಇಲ್ಲಿ ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ಈ ನಾಣ್ಯಗಳು ಮೊದಲು ನಿಕ್ಕಲ್‌ನವು. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತದೆ. 1939ರಿಂದ ಯುದ್ಧಕ್ಕಾಗಿ ನಿಕ್ಕಲ್ ಉಳಿಸಲು ಅಕ್ಮೊನಿತಾಲ್ ಎಂಬ ತುಕ್ಕು ಹಿಡಿಯದ ಉಕ್ಕಿಗೆ ಬದಲಾಯಿಸಿದರು. 1939 ಮತ್ತು 1940ರ ಅಕ್ಮೊನಿತಾಲ್ ನಾಣ್ಯಗಳಲ್ಲಿ ಅಂಟುವವೂ ಇವೆ, ಅಂಟದವೂ ಇವೆ. ಹಾಗಾಗಿ ‘ಅಂಟಿತು, ಕಬ್ಬಿಣ, ನಕಲಿ’ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. 5 ಮತ್ತು 10 ಚೆಂತೇಸಿಮಿ ಮೊದಲು ತಾಮ್ರ, 1939ರಿಂದ ಹಳದಿ ಬಣ್ಣದ ಅಲ್ಯೂಮಿನಿಯಂ ಕಂಚು. ಕೈಗೆ ಹತ್ತಿಯಂತೆ ಹಗುರವಾದ ಅಲ್ಯೂಮಿನಿಯಂ ಲಿರೆ ಸಿಕ್ಕರೆ ಅದು 1946ರ ನಂತರದ ಗಣರಾಜ್ಯದ ನಾಣ್ಯ, ಅದರಲ್ಲಿ ಫಾಶೊ ಹುಡುಕಿದರೂ ಸಿಗದು.

ಬೆಳ್ಳಿಯದು ಸಿಗುವುದು ಅಪರೂಪ. 1928ರ 20 ಲಿರೆ ಹೆಚ್ಚು ಹೆಸರಾದದ್ದು: ಶಿರಸ್ತ್ರಾಣ ಧರಿಸಿದ ದೊರೆ, ಹಿಂಬದಿಗೆ ಸಿಂಹದ ತಲೆಯ ಜೊತೆ ಫಾಶೊ, ‘ನೂರು ವರ್ಷ ಕುರಿಯಾಗಿ ಬಾಳುವುದಕ್ಕಿಂತ ಒಂದು ದಿನ ಸಿಂಹವಾಗಿ ಬಾಳು’ ಎಂಬ ಅರ್ಥದ ಸಾಲು. ತೂಕ 20 ಗ್ರಾಂ, ಅಡ್ಡ 35.5 ಮಿ.ಮೀ., ಬೆಳ್ಳಿ ಸಾವಿರಕ್ಕೆ 600 ಪಾಲು. ಇದರ ನಕಲಿ ಲೆಕ್ಕವಿಲ್ಲದಷ್ಟು. ಅದಕ್ಕೂ ಮಿಗಿಲಾದದ್ದು ಶಿರಸ್ತ್ರಾಣ ಧರಿಸಿದ ಮುಸೊಲಿನಿಯ ಮುಖವುಳ್ಳ, 1943 ಅಥವಾ 1945 ಇಸವಿಯ ‘20 ಲಿರೆ’. ಅಂಥ ನಾಣ್ಯವನ್ನು ಇಟಲಿ ಸರಕಾರ ಟಂಕಿಸಿಯೇ ಇಲ್ಲ. ಚಲಾವಣೆಯ ನಾಣ್ಯದ ಮೇಲೆ ಮುಸೊಲಿನಿಯ ಮುಖ ಬರಲೇ ಇಲ್ಲ, ಆ ಜಾಗ ದೊರೆಯದು. ಪ್ರವಾಸಿಗರಿಗೆಂದು ಆಮೇಲೆ ಹೊಡೆದ ಬಿಲ್ಲೆ ಅದು. ಅದನ್ನು ತೋರಿಸಿ ಸಾವಿರಗಟ್ಟಲೆ ಕೇಳುವವರಿಗೆ ನಮಸ್ಕಾರ ಹೇಳಿ ಹೊರಡಿ.

ಅಚ್ಚು ಒತ್ತಿದ ನಾಣ್ಯಕ್ಕೂ ಎರಕ ಹೊಯ್ದ ನಕಲಿಗೂ ಭೂತಗನ್ನಡಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಹದ್ದಿನ ರೆಕ್ಕೆಯ ಗರಿಗಳ ನಡುವೆ ನೋಡಿ. ಅಸಲಿಯಲ್ಲಿ ಪ್ರತಿ ಗರಿಯ ಅಂಚು ಚೂಪಾಗಿರುತ್ತದೆ, ಸವೆದಿದ್ದರೂ ಉಬ್ಬಿದ ಜಾಗವಷ್ಟೇ ಸವೆದಿರುತ್ತದೆ, ತಗ್ಗು ಚೊಕ್ಕಟ. ಎರಕದಲ್ಲಿ ತಗ್ಗಿನಲ್ಲೂ ಸೂಜಿಮೊನೆಯಷ್ಟು ಗುಳ್ಳೆಗಳು, ಅಕ್ಷರದ ಬುಡ ಸಾಬೂನು ಕರಗಿದಂತೆ ಮೊಂಡು, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ.

ನೋಟುಗಳ ವಿಷಯ ಬೇಗ ಮುಗಿಸಬಹುದು. ಇಂಗ್ಲಿಷಿನಲ್ಲಿ ‘ಅಲೈಡ್ ಮಿಲಿಟರಿ ಕರೆನ್ಸಿ’ ಎಂದಿರುವ 1943ರ ಲಿರೆ ನೋಟುಗಳು ಮಿತ್ರಪಡೆಗಳವು; 1ರಿಂದ 10 ಲಿರೆಯವು ಹೆಚ್ಚುಕಡಿಮೆ ಚೌಕ. ಅವುಗಳಲ್ಲಿ ಫ್ಯಾಸಿಸ್ಟ್ ಗುರುತೇ ಇಲ್ಲ. ಅಂಚೆಚೀಟಿಯಲ್ಲಿ ಹಳೆಯ ದೊರೆ ಚೀಟಿಗಳ ಮೇಲೆ ಕಪ್ಪು ಅಥವಾ ಕೆಂಪು ಫಾಶೊ, ‘ಜಿ.ಎನ್.ಆರ್.’ (ಸಾಲೊ ಸರಕಾರದ ರಾಷ್ಟ್ರೀಯ ಗಣರಾಜ್ಯ ಪಡೆ) ಅಕ್ಷರ ಒತ್ತಿದವು ಸಾಲೊ ಕಾಲದವು. ಆ ಮೇಲಚ್ಚನ್ನು ಆಮೇಲೆ ಒತ್ತಿ ಮಾರಿದ ನಕಲಿಗಳು ಅಸಲಿಗಿಂತ ಸುಲಭವಾಗಿ ಸಿಗುತ್ತವೆ, ತಜ್ಞರ ಪ್ರಮಾಣಪತ್ರ ಇಲ್ಲದೆ ಕಾಸು ಬಿಚ್ಚಬೇಡಿ.

ಬಾವುಟ: ಇಲ್ಲಿ ಆಗುವಷ್ಟು ಗಲಿಬಿಲಿ ಬೇರೆಲ್ಲೂ ಇಲ್ಲ

ಜಾಲತಾಣದ ಚಿತ್ರಗಳನ್ನು ನೋಡಿದವರು, ಮುಸೊಲಿನಿಯ ಇಟಲಿಯ ರಾಷ್ಟ್ರಧ್ವಜದ ನಡುವೆ ಹದ್ದು-ಫಾಶೊ ಇತ್ತು ಎಂದೇ ನಂಬಿದ್ದಾರೆ. ಇರಲಿಲ್ಲ. ಫ್ಯಾಸಿಸ್ಟ್ ಆಡಳಿತದ ಅಷ್ಟೂ ವರ್ಷ, 1943ರವರೆಗೆ, ರಾಷ್ಟ್ರಧ್ವಜ ಹಸಿರು-ಬಿಳಿ-ಕೆಂಪು ಲಂಬ ಪಟ್ಟಿ, ನಡುವೆ ನೀಲಿ ಅಂಚಿನ ಸವೋಯ್ ಗುರಾಣಿ. ಸರಕಾರಿ ಕಟ್ಟಡ ಮತ್ತು ಯುದ್ಧನೌಕೆಗಳದ್ದಕ್ಕೆ ಗುರಾಣಿಯ ಮೇಲೆ ಕಿರೀಟ, ಜನಸಾಮಾನ್ಯರದ್ದಕ್ಕೆ ಕಿರೀಟವಿಲ್ಲ. ಇದೇ ಧ್ವಜ ಮುಸೊಲಿನಿಗಿಂತ ಮೊದಲೂ ಇತ್ತು, ಅವನು ಸತ್ತ ಮೇಲೂ 1946ರವರೆಗೆ ನಡೆಯಿತು. ಕೆರೆನ್‌ನಲ್ಲಿ ಹಿಡಿದ ಬಾವುಟ ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದರೆ ಅದು ಬಹುತೇಕ ಇದೇ ಆಗಿರಬೇಕು. ಅದನ್ನು ‘ಫ್ಯಾಸಿಸ್ಟ್ ಬಾವುಟ’ ಎನ್ನುವುದು ತಪ್ಪು, ‘ಇಟಲಿ ರಾಜ್ಯದ ಬಾವುಟ’ ಎನ್ನಿ.

ಪಕ್ಷದ ಬಾವುಟ ಬೇರೆ: ಕಪ್ಪು ಬಟ್ಟೆ, ನಡುವೆ ಫಾಶೊ. ಬೀದಿ ಗುಂಪುಗಳು ಹಿಡಿಯುತ್ತಿದ್ದ ಸಣ್ಣ ಕಪ್ಪು ಧ್ವಜಗಳಿಗೆ ಗಾಲ್ಯಾರ್ದೆತ್ತೊ ಎನ್ನುತ್ತಿದ್ದರು. ಅವುಗಳ ಮೇಲೆ ತಲೆಬುರುಡೆ, ಹಲ್ಲಲ್ಲಿ ಕಚ್ಚಿದ ಕಠಾರಿ ಇರುತ್ತಿತ್ತು. ಆ ಗುರುತು ಮೂಲದಲ್ಲಿ ಮೊದಲ ಮಹಾಯುದ್ಧದ ಆರ್ದಿತಿ ಎಂಬ ದಾಳಿ ಪಡೆಯದು, ಫ್ಯಾಸಿಸ್ಟರು ಎತ್ತಿಕೊಂಡರು.

ಹದ್ದು ಇರುವ ತ್ರಿವರ್ಣ ಸಾಲೊ ಸರಕಾರದ ಯುದ್ಧಧ್ವಜ, 1944ರ ಮೇ ತಿಂಗಳಿನಿಂದ ಬಂದದ್ದು. ಬಿಳಿ ಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಕಪ್ಪು ಹದ್ದು, ಕಾಲಲ್ಲಿ ಅಡ್ಡಲಾದ ಫಾಶೊ. ಇಡೀ ಆಯುಷ್ಯ ಒಂದು ವರ್ಷದ ಒಳಗೆ. ಅದರ ರಾಷ್ಟ್ರಧ್ವಜವಾದರೋ ಬರಿಯ ತ್ರಿವರ್ಣ, ಫಾಶೊ ಇದ್ದದ್ದು ಕೋಲಿನ ತುದಿಗೆ. ಕೋಲು ಕಳೆದುಹೋದರೆ 1946ರ ನಂತರದ ಇಟಲಿ ಗಣರಾಜ್ಯದ ಬಾವುಟಕ್ಕೂ ಇದಕ್ಕೂ ವಿನ್ಯಾಸದಲ್ಲಿ ಏನೂ ವ್ಯತ್ಯಾಸ ಕಾಣದು. ಹಳೆಯ ಬಟ್ಟೆಯಲ್ಲಿ ನಡುವೆ ಗುರಾಣಿಯಾಕಾರದ ಹೊಲಿಗೆ ತೂತು, ಮಾಸದ ಬಿಳಿ ಕಲೆ ಇದೆಯೇ ನೋಡಿ. ದೊರೆಯ ಮೇಲಿನ ಸಿಟ್ಟಿಗೆ ಗುರಾಣಿ ಕತ್ತರಿಸಿ ತೆಗೆದ ಬಾವುಟಗಳೂ ಇವೆ.

ನಮ್ಮ ಕಡೆ ಇನ್ನೊಂದು ಪೇಚಿದೆ. ಬಣ್ಣ ಮಾಸಿ ಕೆಂಪು ಕಿತ್ತಳೆಗೆ ತಿರುಗಿರುತ್ತದೆ, ಬಾವುಟವನ್ನು ಅಡ್ಡ ಹಿಡಿದರೆ ಕೇಸರಿ-ಬಿಳಿ-ಹಸಿರು ಕಾಣುತ್ತದೆ, ನಡುವೆ ಏನೋ ಗುರುತು ಬೇರೆ. ನಮ್ಮದೇ ಹಳೆಯ ತ್ರಿವರ್ಣ ಎಂದು ಯಾರಾದರೂ ಆಗಸ್ಟ್ 15ಕ್ಕೆ ಕಟ್ಟಿಬಿಟ್ಟರೆ ಮುಜುಗರ. ಹೊಲಿಗೆಯ ಒಳಮಡಿಕೆ ಬಿಡಿಸಿ ನೋಡಿ, ಬಿಸಿಲು ಕಾಣದ ಅಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಹಗ್ಗ ಅಥವಾ ಕೋಲು ಕೂರುವ ತೋಳು ಯಾವ ಬಣ್ಣದ ಬದಿಗಿದೆ ಎಂಬುದೂ ಹೇಳುತ್ತದೆ: ಇಟಲಿಯದಾದರೆ ಅದು ಹಸಿರಿನ ಉದ್ದಕ್ಕೂ ಇರುತ್ತದೆ.

ಬಟ್ಟೆಯ ವಯಸ್ಸು

ಯುವಿ ಟಾರ್ಚನ್ನು ಕತ್ತಲೆಯಲ್ಲಿ ಹಿಡಿಯಿರಿ. ಈಗಿನ ದಾರ, ಈಗಿನ ಬಟ್ಟೆಗೆ ಹಾಕುವ ಹೊಳಪಿನ ರಾಸಾಯನಿಕ ನೀಲಿ-ಬಿಳಿಯಾಗಿ ಬೆಳಗುತ್ತದೆ. 1945ಕ್ಕೆ ಹಿಂದಿನ ದಾರ ಹಾಗೆ ಬೆಳಗಬಾರದು. ಆದರೆ ಯಾರೋ ಪುಣ್ಯಾತ್ಮರು ಹಳೆಯ ಬಾವುಟವನ್ನು ಈಗಿನ ಸಾಬೂನು ಪುಡಿಯಲ್ಲಿ ಒಗೆದಿದ್ದರೆ ಅಸಲಿಯೂ ಬೆಳಗುತ್ತದೆ. ಅಂಥಲ್ಲಿ ಹೊಲಿಗೆಯ ಒಳಗಿನ ದಾರ ಮತ್ತು ಮೇಲ್ಮೈ ಎರಡನ್ನೂ ಹೋಲಿಸಿ: ಮೇಲಷ್ಟೇ ಬೆಳಗಿ ಒಳಗೆ ಮಂಕಾಗಿದ್ದರೆ ಒಗೆದದ್ದು, ದಾರವೇ ಬೆಳಗಿದರೆ ಹೊಸದು.

ಸಡಿಲವಾಗಿ ಜೋತಿರುವ ಒಂದೇ ಎಳೆ ಸಿಕ್ಕರೆ ಚಿಮಟದಲ್ಲಿ ಹಿಡಿದು, ಬಟ್ಟೆಯಿಂದ ದೂರ ಹೋಗಿ ಸುಡಿ. ಕೂದಲು ಸುಟ್ಟ ವಾಸನೆ ಉಣ್ಣೆ ಅಥವಾ ರೇಷ್ಮೆ, ಕಾಗದ ಸುಟ್ಟ ವಾಸನೆ ಹತ್ತಿ ಅಥವಾ ರೇಯಾನ್, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಂದರೆ ಆಮೇಲಿನದು. ರೇಯಾನ್ ಕಂಡಾಕ್ಷಣ ‘ಇದು ಈಚಿನದು’ ಎನ್ನಬೇಡಿ. 1930ರ ದಶಕದ ಇಟಲಿ ಕೃತಕ ರೇಷ್ಮೆಯನ್ನು ರಾಶಿಗಟ್ಟಲೆ ತಯಾರಿಸುತ್ತಿತ್ತು. ಎಳೆ ನೋಡಿ ಹೇಳುವುದು ನಿಮಗೆ ಒಗ್ಗದಿದ್ದರೆ ಶಹಾಪುರ ಅಥವಾ ರಬಕವಿ-ಬನಹಟ್ಟಿಯ ಹಿರಿಯ ನೇಕಾರರೊಬ್ಬರಿಗೆ ತೋರಿಸಿ. ಅವರು ಇಟಲಿ ಕಂಡಿರಲಿಕ್ಕಿಲ್ಲ, ಆದರೆ ಬೆರಳಲ್ಲಿ ಹೊಸಕಿ ರೇಷ್ಮೆಯೋ ರೇಯಾನೋ ಹೇಳಿಬಿಡುತ್ತಾರೆ.

ಮೂರು ಬಣ್ಣವನ್ನೂ ಒಂದೇ ಬಟ್ಟೆಗೆ ಮುದ್ರಿಸಿದ್ದರೆ, ಹಿಂಬದಿ ಮಸುಕಾಗಿದ್ದರೆ, ಅದು ಅಲಂಕಾರಕ್ಕೆ ಮಾಡಿದ ಅಗ್ಗದ ಬಾವುಟವೋ ಈಗಿನ ನಕಲೋ ಆಗಿರಬೇಕು. ಪಡೆಗಳ ಬಾವುಟಕ್ಕೆ ಮೂರು ಬೇರೆ ಪಟ್ಟಿಗಳನ್ನು ಕೂಡಿಸಿ ಹೊಲಿಯುವುದು ವಾಡಿಕೆ.

ಬಿಲ್ಲೆ, ಕಾಲರ್, ಪದಕ

ಕೋಟಿನ ಗುಂಡಿತೂತಿಗೆ ಸಿಕ್ಕಿಸುವ ಸಣ್ಣ ಪಕ್ಷದ ಬಿಲ್ಲೆಯಲ್ಲಿ ತ್ರಿವರ್ಣದ ಮೇಲೆ ಫಾಶೊ, ಕೆಲವದರಲ್ಲಿ ‘ಪಿ.ಎನ್.ಎಫ್.’ (ರಾಷ್ಟ್ರೀಯ ಫ್ಯಾಸಿಸ್ಟ್ ಪಕ್ಷ) ಅಕ್ಷರ. ಬಣ್ಣ ಗಾಜಿನ ಮೀನಾಕಾರಿ. ಉಗುರಿಂದ ತಟ್ಟಿದರೆ ಗಾಜಿನ ಸದ್ದು, ಒಡೆದರೆ ಚಕ್ಕೆ ಏಳುತ್ತದೆ. ಈಗಿನ ನಕಲಿಗೆ ಹಾಕುವುದು ಮೆತ್ತನೆಯ ರಾಳ. ಹಿಂಬದಿ ತಿರುಗಿಸಿ: ಮಿಲಾನಿನ ಜಾನ್ಸನ್ ಅಥವಾ ಲೊರಿಯೋಲಿಯಂಥ ತಯಾರಕರ ಹೆಸರು ಇರಬಹುದು, ಆದರೆ ಹೆಸರನ್ನು ನಕಲಿಯವರೂ ಹಾಕುತ್ತಾರೆ. ಕೊಂಡಿಯೇ ಗಟ್ಟಿ ಸಾಕ್ಷಿ. ಈಗಿನ ಶಾಲೆ ಬ್ಯಾಡ್ಜಿನಲ್ಲಿರುವ, ಎರಡು ಬದಿ ಒತ್ತಿದರೆ ಬಿಚ್ಚುವ ಚಿಟ್ಟೆ ಕೊಂಡಿ ಇದ್ದರೆ ಅದು ಆ ಕಾಲದ್ದಲ್ಲ.

ಸಮವಸ್ತ್ರದ ಕಾಲರಿನ ತುಂಡು ಸಿಕ್ಕರೆ ಅದರ ಮೇಲಿನ ಲೋಹದ ಗುರುತು ನೋಡಿ. ಐದು ಮೂಲೆಯ ನಕ್ಷತ್ರ ಇದ್ದರೆ ಮಾಮೂಲಿ ಸೈನ್ಯ. ನಕ್ಷತ್ರದ ಜಾಗದಲ್ಲಿ ಪುಟ್ಟ ಫಾಶೊ ಇದ್ದರೆ ಕರಿ ಅಂಗಿ ತೊಡುವ ಫ್ಯಾಸಿಸ್ಟರ ಮಿಲಿಷಿಯಾ, 1923ರಲ್ಲಿ ಕಟ್ಟಿದ ಎಂ.ವಿ.ಎಸ್.ಎನ್. ಕೆಂಪು ‘ಎಂ’ ಅಕ್ಷರ ಫಾಶೊವಿಗೆ ಹೆಣೆದುಕೊಂಡಿದ್ದರೆ ಅದರ ‘ಎಂ’ ಬೆಟಾಲಿಯನ್‌ಗಳು. ಮಾಲೆಯೊಳಗೆ ನೇರ ಖಡ್ಗ ಇದ್ದರೆ ಸಾಲೊ ಸೈನ್ಯ.

ಪದಕಗಳಲ್ಲಿ ಒಂದು ಮಾತ್ರ ಹೇಳುವೆ, ಉಳಿದವು ಬಹಳ. ಇಬ್ಬರು ಕವಚಧಾರಿಗಳು ಮೊಸಳೆಯ ಬಾಯಿ ಅದುಮಿ ಹಿಡಿದಿರುವ ಪದಕ ಆಫ್ರಿಕಾದಲ್ಲಿ ಇಟಲಿ-ಜರ್ಮನಿ ಜಂಟಿ ಕದನದ ನೆನಪಿನದು. ಮೊಸಳೆ ಅಂದರೆ ಬ್ರಿಟಿಷರು. ಜರ್ಮನ್ ಸೈನಿಕರಿಗೂ ಕೊಟ್ಟಿದ್ದರಿಂದ ಅದು ಜರ್ಮನ್ ಪದಕ ಎಂದು ತಪ್ಪು ತಿಳಿಯುವುದುಂಟು.

ಅದೇ ಟ್ರಂಕಿನಲ್ಲಿ ಬ್ರಿಟಿಷರು ಕೊಟ್ಟ ನಕ್ಷತ್ರ ಪದಕ ಇದ್ದರೆ ಅದನ್ನು ಬೇರೆ ಮಾಡಬೇಡಿ. ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಸಮಪಟ್ಟಿಯ ರಿಬ್ಬನ್ ಇಟಲಿ ಸ್ಟಾರ್: ಆತ 1943ರ ಜೂನ್ ನಂತರ ಇಟಲಿ ರಂಗದಲ್ಲಿದ್ದ ಎಂಬುದಕ್ಕೆ ಪುರಾವೆ. ಮರಳು ಬಣ್ಣದ ರಿಬ್ಬನ್, ನಡುವೆ ಅಗಲ ಕೆಂಪು ಪಟ್ಟಿ ಇದ್ದರೆ ಆಫ್ರಿಕಾ ಸ್ಟಾರ್. ಬರೀ ಆಫ್ರಿಕಾ ಸ್ಟಾರ್ ಇರುವವರ ಟ್ರಂಕಿನಲ್ಲಿ ಸಾಲೊ ಕಾಲದ ವಸ್ತು ಸಿಕ್ಕರೆ, ಅದು ಆಮೇಲೆ ಕೊಂಡದ್ದೋ ಯಾರೋ ಕೊಟ್ಟದ್ದೋ ಇರಬೇಕು. ಟೋಬ್ರುಕ್‌ನಲ್ಲಿ ಸೆರೆಯಾದವರ ಮನೆಯಲ್ಲಾದರೆ ‘ಪಿ.ಜಿ.’ ಎಂಬ ಅಕ್ಷರ, ಜೊತೆಗೊಂದು ಸಂಖ್ಯೆ ಇರುವ ಕಾರ್ಡುಗಳನ್ನು ಹುಡುಕಿ. ಅದು ಇಟಲಿಯ ಯುದ್ಧಕೈದಿ ಶಿಬಿರದ ಸಂಖ್ಯೆ. ನಾಣ್ಯಕ್ಕಿಂತ ಆ ಕಾರ್ಡೇ ಮೇಲು.

ಕಾಪಿಡುವುದು

ಹುಣಸೆಹಣ್ಣು, ನಿಂಬೆ, ಪಾತ್ರೆ ಬೆಳಗುವ ಪುಡಿ, ಟೂತ್‌ಪೇಸ್ಟ್ ಯಾವುದೂ ಹತ್ತಿರ ಸುಳಿಯಬಾರದು. ಹುಳಿ ತಾಮ್ರದ ಮೇಲ್ಪದರವನ್ನೇ ತಿಂದುಬಿಡುತ್ತದೆ, ಗುಲಾಬಿ ಹೊಳಪು ಬರುತ್ತದೆ, ನಾಣ್ಯದ ಬೆಲೆ ಅರ್ಧಕ್ಕೂ ಇಳಿಯುತ್ತದೆ. ಮಣ್ಣು ಅಂಟಿದ್ದರೆ ಶುದ್ಧ ನೀರಲ್ಲಿ (ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್) ಒಂದು ದಿನ ನೆನೆಸಿ, ಬಟ್ಟೆಯ ಮೇಲೆ ಒರಸದೆ ಒತ್ತಿ ಒಣಗಿಸಿ. ಮೀನಾಕಾರಿ ಬಿಲ್ಲೆಯನ್ನು ನೀರಿಗೆ ಹಾಕಬೇಡಿ, ಬಿರುಕಿನೊಳಗೆ ನೀರು ಹೋಗಿ ಚಕ್ಕೆ ಏಳುತ್ತದೆ.

ಮೆತ್ತನೆಯ ಪಿವಿಸಿ ಆಲ್ಬಮ್ಮಿನಲ್ಲಿ ನಾಣ್ಯ ಇಡುವ ಚಾಳಿ ಬಿಡಿ. ಅದು ವರ್ಷಗಳಲ್ಲಿ ಹಸಿರು ಜಿಗಟು ಬಿಡುತ್ತದೆ. ರಟ್ಟಿನ ಚೌಕಟ್ಟಿಗೆ ಮೈಲಾರ್ ಕಿಟಕಿ ಇರುವ ಎರಡಿಂಚಿನ ಹೋಲ್ಡರ್ ಒಳ್ಳೆಯದು. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಬೇಕೇ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸಿ. ವಿಜಯಪುರದ ಕಡೆ ತೇವದ ಕಾಟ ಅಷ್ಟಿಲ್ಲ, ಅಲ್ಲಿ ಧೂಳು, ಬಿಸಿಲೇ ಶತ್ರು.

ಬಾವುಟವನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಡ್ರೈಕ್ಲೀನಿಗೆ ಕೊಡಬೇಡಿ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಎತ್ತುವಾಗಲೇ ಹರಿಯುತ್ತದೆ. ಹಳೆಯ ಕೆಂಪು ಬಣ್ಣ ಬಿಳಿ ಪಟ್ಟಿಗೆ ಇಳಿಯುತ್ತದೆ. ಹುಳು ಬಿದ್ದಿದ್ದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಗೆ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚದೆ ಒಂದು ದಿನ ಬಿಡಿ, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಹನಿಗಟ್ಟುತ್ತದೆ. ಮಡಿಸಬಾರದು, ಮಡಿಕೆಯಲ್ಲೇ ಎಳೆ ಮುರಿಯುತ್ತದೆ. ಗಂಜಿ ಹೋಗುವಂತೆ ಎರಡು ಸಲ ಒಗೆದ ಮಾಂಜರಪಾಟವನ್ನು ದಪ್ಪ ಕೊಳವೆಗೆ ಸುತ್ತಿ, ಅದರ ಮೇಲೆ ಬಾವುಟವನ್ನು ಸುತ್ತಿ, ಹೊರಗೂ ಅದೇ ಬಟ್ಟೆ ಹೊದಿಸಿ. ಡಾಂಬರು ಗುಳಿಗೆ, ಬೇವಿನೆಲೆ ಬಟ್ಟೆಗೆ ತಾಗಿದರೆ ಕಲೆ ಖಚಿತ.

ಮಾರುವುದು, ತೋರಿಸುವುದು, ಚೀಟಿ ಬರೆಯುವುದು

ಇಟಲಿಯಲ್ಲಿ 1952ರ ಸ್ಕೆಲ್ಬಾ ಕಾನೂನು ಫ್ಯಾಸಿಸ್ಟ್ ಪಕ್ಷವನ್ನು ಮತ್ತೆ ಕಟ್ಟುವುದನ್ನೂ ಅದನ್ನು ಹಾಡಿ ಹೊಗಳುವುದನ್ನೂ ಅಪರಾಧವೆನ್ನುತ್ತದೆ; 1993ರ ಮಂಚೀನೊ ಕಾನೂನು ದ್ವೇಷದ ಗುಂಪುಗಳ ಗುರುತುಗಳ ಪ್ರದರ್ಶನಕ್ಕೂ ಕೈ ಚಾಚುತ್ತದೆ. ನಮ್ಮಲ್ಲಿ ನೆನಪಿಡಬೇಕಾದದ್ದು 1972ರ ಪುರಾವಸ್ತು ಕಾಯ್ದೆ. ನೂರು ವರ್ಷ ತುಂಬಿದ ನಾಣ್ಯ, ಕಲಾವಸ್ತುಗಳು ಅದರ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. 1923ರ ನಿಕ್ಕಲ್ 2 ಲಿರೆಗೆ ಆಗಲೇ ನೂರು ದಾಟಿದೆ. ವಿದೇಶಿ ಗಿರಾಕಿಗೆ ಅಂಚೆಯಲ್ಲಿ ಹಾಕುವ ಮೊದಲು ಇಸವಿ ನೋಡಿ.

ಶಾಲೆ, ಕಾಲೇಜಿನ ಪ್ರದರ್ಶನಕ್ಕೆ ಕೊಡುವುದಾದರೆ ಕಪ್ಪು ಬಾವುಟವನ್ನು ಗೋಡೆಗೆ ಹರಡಿ ತೂಗುಹಾಕಬೇಡಿ, ಮೇಜಿನ ಮೇಲೆ ಗಾಜಿನಡಿ ಚಪ್ಪಟೆಯಾಗಿ ಇಡಿ. ತೂಗಿದರೆ ಬಟ್ಟೆಯೂ ಹರಿಯುತ್ತದೆ, ನೋಡುವವರಿಗೂ ಮೆರವಣಿಗೆಯ ಅಲಂಕಾರದಂತೆ ಕಾಣುತ್ತದೆ. ಪಕ್ಕದ ಚೀಟಿಯಲ್ಲಿ ವಸ್ತು ಹೇಳುವುದನ್ನೂ ಮನೆಯವರು ಹೇಳುವುದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮಾದರಿ ಹೀಗಿರಲಿ:

‘2 ಲಿರೆ, ಇಟಲಿ ರಾಜ್ಯ, 1940, ಫ್ಯಾಸಿಸ್ಟ್ ಶಕೆ 18. ಅಕ್ಮೊನಿತಾಲ್ ಉಕ್ಕು, 9.9 ಗ್ರಾಂ, 29 ಮಿ.ಮೀ., ಅಯಸ್ಕಾಂತಕ್ಕೆ ಅಂಟುತ್ತದೆ. ಮುಂದೆ ಮೂರನೇ ವಿತ್ತೋರಿಯೊ ಎಮಾನುವೇಲೆ. ‘ಚಕ್ರವರ್ತಿ’ ಬಿರುದು 1936ರಲ್ಲಿ ಇಥಿಯೋಪಿಯಾವನ್ನು ಆಕ್ರಮಿಸಿದ್ದರಿಂದ ಬಂದದ್ದು. ಹಿಂದೆ ಹದ್ದು, ಫಾಶೊ.

ಮನೆಯವರ ಮಾತು: ಮುತ್ಯಾ ಕೆರೆನ್‌ನಿಂದ ತಂದದ್ದು. ಆಫ್ರಿಕಾ ಸ್ಟಾರ್ ಜೊತೆಗೆ ಒಂದೇ ಚೀಲದಲ್ಲಿ ಸಿಕ್ಕಿತು.’

ಎರಡನೇ ಸಾಲಿಗೆ ಕಾಗದದ ಪುರಾವೆ ಸಿಕ್ಕ ದಿನ ಅದನ್ನು ಮೊದಲ ಸಾಲಿಗೆ ಸೇರಿಸಿ, ಅಲ್ಲಿಯವರೆಗೆ ಬೇರೆಯೇ ಇರಲಿ.